ನಮ್ಮ ಆಟದ ಪಾತ್ರಗಳಿಗೆ ಹೆಸರು ಹುಟ್ಟಿಸುವುದು ಹೇಗೆ, ಬಾಯಿಬಿಟ್ಟು ಕರೆಯುವುದು ಹೇಗೆ?

ಗುಡ್ಡದನೆರಳು · ಬಳ್ಳಾರಿ

ಕನ್ನಡದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟ) ಆಡುವವರು, ಅಂಥದೇ ಬೇರೆ ಆಟ ಆಡುವವರು ಎಲ್ಲ ಸ್ವಲ್ಪ ಇತ್ತ ಬರ್ರಿ. ನಾವು ಹೊಸ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಉದ್ದನೆಯ ಕಥೆ, ಶುರು ಮಾಡುತ್ತಿದ್ದೇವೆ. ಡಿಎಂ, ಅಂದರೆ ಕಥೆ ನಡೆಸುವವನು, ನಾನೇ. ಒಂದು ದೊಡ್ಡ ಹೊಳೆ, ಎರಡೂ ದಡಕ್ಕೆ ಬಂಡೆಗುಡ್ಡ, ಗುಡ್ಡಕ್ಕೊಂದು ಕೋಟೆ. ನಕ್ಷೆ ನೋಡಿದರೆ ತುಂಗಭದ್ರೆಯ ಸೀಮೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಆಟದ ಮಾತೆಲ್ಲ ಕನ್ನಡದಲ್ಲೇ. ಆದರೆ ಹೆಸರಿನ ವಿಷಯ ಬಂದ ತಕ್ಷಣ ಎಲ್ಲರೂ ಪುಸ್ತಕದ ಪಟ್ಟಿ ತೆರೆಯುತ್ತಾರೆ. ಇಲ್ಲ ಅಂದರೆ ಒತ್ತಿದಷ್ಟೂ ಹೆಸರು ಉದುರಿಸುವ ಯಾವುದೋ ವೆಬ್‌ಸೈಟ್. ಆಮೇಲೆ ಆ ಹೆಸರನ್ನು ಯಾರೂ ಕರೆಯುವುದೇ ಇಲ್ಲ. "ಆ ಎಲ್ಫ್", "ನಿನ್ನ ಡ್ವಾರ್ಫ್", "ಕೊಡಲಿಯವನು" ಅಂತಲೇ ಆಟ ಮುಗಿಯುತ್ತದೆ. (ಎಲ್ಫ್, ಡ್ವಾರ್ಫ್ ಅಂದರೆ ಆಟದ ಲೋಕದ ಮನುಷ್ಯರಲ್ಲದ ಕುಲಗಳು.) ಹಾಳೆಯ ಮೇಲೆ ಚಂದ ಕಾಣುವ ಹೆಸರು ಬಾಯಿಗೆ ಬರುವುದಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ವ್ಯಾಕರಣದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಇಂಗ್ಲಿಷಿನಲ್ಲಿ ಹೆಸರು ಇದ್ದ ಹಾಗೇ ಇರುತ್ತದೆ, ಮುಂದೆ ಒಂದು ಪದ ಸೇರಿಸಿದರೆ ಸಾಕು. ನಮ್ಮಲ್ಲಿ ಹಾಗಲ್ಲ. ಹೆಸರಿಗೇ ಪ್ರತ್ಯಯ ಅಂಟಬೇಕು. ಥೋರಿನ್‌ನಿಗೆ, ಗ್ರಿಮ್‌ನನ್ನು, ಎಲ್ಡ್ರಿಕ್‌ನಿಂದ. ಬಾಯಿಬಿಟ್ಟು ಹೇಳಿ ನೋಡಿ, ನಾಲಿಗೆ ಪ್ರತಿ ಸಲ ಒಂದು ಕಡೆ ತಡೆಯುತ್ತದೆ. ವ್ಯಂಜನಕ್ಕೆ ನಿಲ್ಲುವ ಹೆಸರಿಗೆ ನಾವೇ ಒಂದು ಉಕಾರ ಸೇರಿಸಿಬಿಡುತ್ತೇವೆ. ಬಸ್ ಬಸ್ಸಾಯಿತು, ಗ್ರಿಮ್ ಗ್ರಿಮ್ಮು ಆಗುತ್ತದೆ. ಅದೇ ಹೆಸರು "ಗ್ರಿಮ್ಮ" ಆದರೆ? ಗ್ರಿಮ್ಮನಿಗೆ, ಗ್ರಿಮ್ಮನನ್ನು, ಏ ಗ್ರಿಮ್ಮಾ! ಸಲೀಸಾಗಿ ಓಡುತ್ತದೆ.

ಹಾಗಾಗಿ ನನ್ನ ಹಟ ಎರಡೇ. ಹೆಸರು ಒಂದು ಸಲ ಕೇಳಿದ ಮೇಲೆ ಮೇಜಿನ ಆಚೆ ತುದಿಯವರೂ ಕೂಗಿ ಕರೆಯುವಂತಿರಬೇಕು. ಮತ್ತೆ, ಹೆಸರು ಕೇಳಿದರೆ ಇವನು ಯಾವ ಸೀಮೆಯವನು ಅಂತ ಗೊತ್ತಾಗಬೇಕು.

ಎರಡನೆಯದು ನಮ್ಮ ಕಡೆ ಈಗಲೂ ನಡೆಯುತ್ತದೆ ಅಲ್ವಾ? ಗವಿಸಿದ್ದಪ್ಪ ಅಂದರೆ ಕೊಪ್ಪಳದ ಗವಿಮಠದ ಒಕ್ಕಲು ಇರಬೇಕು ಅಂದುಕೊಳ್ಳುತ್ತೇವೆ. ಹುಲಿಗೆಮ್ಮ ಅಂದರೆ ಹುಲಿಗಿ. ಅಮರೇಶ, ಅಮರಮ್ಮ ಅಂದರೆ ಲಿಂಗಸುಗೂರು ಕಡೆ, ಗುರುಗುಂಟಾ ಅಮರೇಶ್ವರ. ಎರ್ರಿಸ್ವಾಮಿ, ಎರ್ರೆಪ್ಪ ಅಂದರೆ ಚೇಳ್ಳಗುರ್ಕಿ ಎರ್ರಿತಾತ, ಅಂದರೆ ನಮ್ಮ ಬಳ್ಳಾರಿ. ಪಂಪಾಪತಿ ಅಂದರೆ ಹಂಪಿಯ ಸುತ್ತಮುತ್ತ. ಶಾಲೆಯ ಹಾಜರಿ ಪುಸ್ತಕ ಓದಿದರೆ ಸಾಕು, ಯಾವ ತಾಲೂಕು ಅಂತ ಹೇಳಬಹುದು. ಕಲ್ಪನೆಯ ಲೋಕದಲ್ಲೂ ಇದೇ ಪದ್ಧತಿ ಇಟ್ಟರೆ ಹೆಸರಿನ ಜೊತೆಗೆ ಗುಡಿ, ಜಾತ್ರೆ, ಹರಕೆ ಎಲ್ಲ ತಾನಾಗಿ ಬರುತ್ತವೆ.

ನೀವು ಹೇಗೆ ಮಾಡುತ್ತೀರಿ, ಹೇಳ್ರಿ.

ಎರಂಬರಗೆ · ಯಲಬುರ್ಗಾ

ಒಳ್ಳೆಯ ಮಾತು ತೆಗೆದಿರಿ. ನಾನು ಹೆಸರು ಹುಡುಕುವುದು ಶಾಸನಗಳಲ್ಲಿ. ನನ್ನ ಹೆಸರಿನ ಜಾಗ ಈಗಿನ ಯಲಬುರ್ಗಾ, ಶಾಸನಗಳಲ್ಲಿ ಅದು ಎರಂಬರಗೆ. 12ನೇ ಶತಮಾನದಲ್ಲಿ ಇಲ್ಲಿ ಸಿಂದರು ಆಳಿದರು. ಅವರ ಹೆಸರು ನೋಡಿ: ಆಚುಗಿ, ಪೆರ್ಮಾಡಿ, ಚಾವುಂಡ. ಯಾರಾದರೂ ಇದಕ್ಕಿಂತ ಒಳ್ಳೆಯ ಫ್ಯಾಂಟಸಿ ಹೆಸರು ಹುಟ್ಟಿಸಿ ತೋರಿಸಲಿ! ಈಗ ಯಾರೂ ಈ ಹೆಸರು ಇಡುವುದಿಲ್ಲ, ಆದ್ದರಿಂದ ಹೊಸದಾಗಿ ಕೇಳಿಸುತ್ತದೆ. ಆದರೆ ಕನ್ನಡದ ಬಾಯಿಗೆ ಒಂಚೂರೂ ಕಷ್ಟವಿಲ್ಲ.

ಹೆಂಗಸರ ಹೆಸರು ಬೇಕಾದರೆ "ಅಬ್ಬೆ" ಹಿಡಿಯಿರಿ. ಅತ್ತಿಮಬ್ಬೆ, ದೇಕಬ್ಬೆ. ಅದೇ ಅಚ್ಚಿನಲ್ಲಿ ನಾನು ನನ್ನ ಆಟದ ಮಾಟಗಾತಿಗೆ ಮಸಣಬ್ಬೆ ಅಂತ ಇಟ್ಟೆ. ಹೆಸರು ಹೇಳಿದ ಕೂಡಲೇ ಆಟಗಾರರು ನೆಟ್ಟಗೆ ಕೂತರು. ವರ್ಣನೆ ಮಾಡುವ ಕೆಲಸವೇ ಉಳಿಯಲಿಲ್ಲ.

ಸಾಕುಪ್ರಾಣಿಗೂ ಹೆಸರು ಬೇಕಲ್ಲ. ಮದ್ದೂರು ತಾಲೂಕಿನ ಆತಕೂರು ಶಾಸನ, ಸುಮಾರು ಕ್ರಿ.ಶ. 949–50ರದು, ಓದಲೇಬೇಕು. ಮಣಲೇರ ಅನ್ನುವ ವೀರ ತನ್ನ ದೊರೆಯಿಂದ ಬಹುಮಾನವಾಗಿ ಕೇಳಿ ಪಡೆದದ್ದು ಒಂದು ನಾಯಿ. ಅದರ ಹೆಸರು ಕಾಳಿ. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ರೇಂಜರ್, ಅಂದರೆ ಕಾಡು ಅಲೆಯುವ ಬೇಟೆಗಾರನ ಪಾತ್ರ, ಆಡುವವರಿಗೆ ಇದಕ್ಕಿಂತ ಹಿನ್ನೆಲೆ ಬೇಕೇ?

ಇನ್ನೊಂದು ಉಪಾಯ ಹೇಳುತ್ತೇನೆ, ಇದು ನನಗೆ ಬಹಳ ಪ್ರೀತಿಯದು. ಹಳಗನ್ನಡದ ಪಕಾರ ಮುಂದೆ ಹಕಾರ ಆಯಿತು. ಪೆಸರು ಹೆಸರಾಯಿತು, ಪುಲಿ ಹುಲಿಯಾಯಿತು. ಕೃಷ್ಣಾ ನದಿಯನ್ನು ಪೆರ್ದೊರೆ ಅನ್ನುತ್ತಿದ್ದರು, ಅದೇ ಹೆದ್ದೊರೆ ಆಯಿತು. ಇದನ್ನು ಆಟಕ್ಕೆ ತಂದೆ. ಈಗ ಜನ ಇರುವ ಊರು ಹೆಗ್ಗುಂಡಿ. ಗುಹೆಯೊಳಗೆ ಸಿಕ್ಕ ಕಲ್ಲಿನ ಮೇಲೆ ಕೆತ್ತಿದ್ದು ಪೆರ್ಗುಂಡಿ. ಎರಡೂ ಒಂದೇ ಊರು ಅಂತ ನಾನು ಬಾಯಿಬಿಡಲಿಲ್ಲ. ಆಟಗಾರರೇ ಕಂಡುಹಿಡಿದರು. ಇನ್ನೂ ಹಳೆಯದು ಅನಿಸಬೇಕಾದರೆ ಕಲ್ಲಿನ ಮೇಲೆ ಱ, ೞ ಬರೆದು ಹಾಳೆ ಮುಂದಿಡಿ. ಈಗ ಬಳಕೆಯಲ್ಲಿ ಇಲ್ಲದ ಅಕ್ಷರ ಕಂಡರೆ ಸಾಕು, ಕಲ್ಲು ಎಷ್ಟು ಹಳೆಯದು ಅಂತ ಹೇಳಬೇಕಾಗಿಲ್ಲ.

ನೀಲಿದಾಳ · ರಾಯಚೂರು

ಇಬ್ಬರ ಮಾತೂ ಚೆನ್ನಾಗಿದೆ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ನಾನು ಈ ಆಟಕ್ಕೆ ಬರುವುದೇ ಬೇರೆ ಲೋಕಕ್ಕೆ ಹೋಗೋಣ ಅಂತ. ಹಗಲೆಲ್ಲ ಅಮರೇಶ, ಗವಿಸಿದ್ದಪ್ಪನವರ ಜೊತೆಗೇ ಕೆಲಸ ಮಾಡುತ್ತೇನೆ. ರಾತ್ರಿ ಆಟದಲ್ಲೂ ಅದೇ ಹೆಸರು ಬಂದರೆ ನನ್ನ ಕಣ್ಣ ಮುಂದೆ ಎಲ್ಫ್ ಬರುವುದಿಲ್ಲ, ನಮ್ಮ ಆಫೀಸಿನವರೇ ಬರುತ್ತಾರೆ. ಎಲ್ಫ್ ಅಂದರೆ ಮನುಷ್ಯರಲ್ಲ. ಅವರ ಹೆಸರು ಕೇಳಿದರೆ ಇದು ನಮ್ಮದಲ್ಲ ಅನಿಸಬೇಕು. ಸ್ವಲ್ಪ ತೊಡಕಾದರೂ ಪರವಾಗಿಲ್ಲ.

ಇನ್ನೊಂದು. ದೇವರ ಹೆಸರನ್ನು ನೇರವಾಗಿ ತಂದು ಖಳನಿಗೆ ಇಟ್ಟರೆ ಮೇಜಿನಲ್ಲಿ ಯಾರಿಗಾದರೂ ನೋವಾಗಬಹುದು. ಅದನ್ನೂ ಯೋಚಿಸಬೇಕು.

ಗುಡ್ಡದನೆರಳು · ಬಳ್ಳಾರಿ

ನೀಲಿದಾಳ ಅಣ್ಣ, ದೇವರ ಹೆಸರಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮನೆದೇವರ ಹೆಸರು ಆಟಕ್ಕೆ ಬೇಡ. ನಾನು ತೆಗೆದುಕೊಳ್ಳುವುದು ಪದ್ಧತಿ ಮಾತ್ರ. ನನ್ನ ಲೋಕದಲ್ಲಿ "ಉರಗುಂಡಿ" ಅಂತ ಒಂದು ಬಿಸಿನೀರಿನ ಬುಗ್ಗೆ, ಅಲ್ಲೊಂದು ದೇವತೆ. ಸುತ್ತಲಿನ ಹಳ್ಳಿಯ ಮಕ್ಕಳೆಲ್ಲ ಉರಗ, ಉರವ್ವ, ಗುಂಡುರ. ಯಾರ ಮನಸ್ಸಿಗೂ ನೋವಿಲ್ಲ, ಸೀಮೆಯ ಗುರುತೂ ಉಳಿಯಿತು.

ಎಲ್ಫ್ ಬೇರೆಯವರು ಅನಿಸಬೇಕು ಅನ್ನುವುದೂ ಸರಿ. ಅದಕ್ಕೆ ಇಂಗ್ಲಿಷ್ ಹೆಸರೇ ಆಗಬೇಕು ಅಂತ ಇಲ್ಲವಲ್ಲ? ಒಂದು ಕುಲಕ್ಕೆ ಯಾವ ಅಕ್ಷರ ಕೊಡಬೇಕು, ಯಾವುದು ಕೊಡಬಾರದು ಅಂತ ಮೊದಲೇ ಗೆರೆ ಎಳೆದುಬಿಡಿ. ನಮ್ಮ ಎಲ್ಫ್‌ಗಳಿಗೆ ಟ, ಡ, ಣ, ಳ ಇಲ್ಲವೇ ಇಲ್ಲ. ಒತ್ತಕ್ಷರ ಇಲ್ಲ. ಹೆಸರು ಇ ಅಥವಾ ಎ ಸ್ವರಕ್ಕೇ ನಿಲ್ಲಬೇಕು. ಸೇವಿನೆ, ಲಯೂಮಿ, ಅರಿಹೇಲೆ. ಟ, ಣ, ಳ ಇಲ್ಲದ ಮಾತು ಕೇಳುತ್ತಿದ್ದ ಹಾಗೆ ಇವರು ನಮ್ಮ ಊರಿನವರಲ್ಲ ಅಂತ ನಮ್ಮ ಕಿವಿಗೆ ಗೊತ್ತಾಗುತ್ತದೆ. ಇನ್ನೊಂದು ಅನುಕೂಲ ಇದೆ. ಇ, ಎ ಸ್ವರದ ಹೆಸರಿಗೆ ಸುಮ್ನೆ "ಗೆ" ಸೇರಿಸಿದರೆ ಸಾಕು. ಸೇವಿನೆಗೆ, ಲಯೂಮಿಗೆ. ನಿಗೆ, ಳಿಗೆ ಅನ್ನಬೇಕಾಗಿಲ್ಲ, ಗಂಡೋ ಹೆಣ್ಣೋ ಅಂತ ಹೆಸರು ಹೇಳಿಕೊಡುವುದಿಲ್ಲ. ನಮ್ಮ ಎಲ್ಫ್‌ಗಳಿಗೆ ಅದು ಬಹಳ ಒಪ್ಪಿತು.

ತೊಗಲುಗೊಂಬೆ · ಸಿರುಗುಪ್ಪ

ನಾನು ಆಡುವುದಕ್ಕಿಂತ ಓದುವುದು ಜಾಸ್ತಿ. ಆದರೆ ಕರೆಯುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು.

ನಮ್ಮ ಕಡೆಯ ಬಯಲಾಟ ನೋಡಿದ್ದೀರಲ್ಲ. ಪಾತ್ರ ಸುಮ್ಮನೆ ರಂಗಕ್ಕೆ ಬಂದು ಮಾತು ಶುರು ಮಾಡುವುದಿಲ್ಲ. ತೆರೆಯ ಹಿಂದೆಯೇ ಆರ್ಭಟ. ಆಮೇಲೆ ಕುಣಿತ. ಆಮೇಲೆ ಸಾರಥಿ ಮುಂದೆ ಬಂದು ಕೇಳುತ್ತಾನೆ, ತಾವು ಯಾರು, ತಮ್ಮ ನಾಮಾಂಕಿತವೇನು ಅಂತ. ಆಗ ಪಾತ್ರ ತನ್ನ ಊರು, ವಂಶ, ಮಾಡಿದ ಸಾಹಸ ಎಲ್ಲ ಸಾರಿ, ಕೊನೆಗೆ ತನ್ನ ಹೆಸರನ್ನು ತಾನೇ ಎಳೆದು ಹೇಳುತ್ತದೆ. ಹೊಲದ ಕೊನೆಯಲ್ಲಿ ಕಂಬಳಿ ಹೊದ್ದು ಕೂತವರಿಗೂ ಹೆಸರು ತಲುಪುತ್ತದೆ. ಬೆಳಗಿನವರೆಗೆ ಯಾರೂ ಮರೆಯುವುದಿಲ್ಲ.

ನೀವೂ ಹಾಗೇ ಮಾಡಿ. ಮೊದಲ ಸೆಷನ್‌ನಲ್ಲಿ ಡಿಎಂ ಸಾರಥಿಯಾಗಲಿ. ಒಬ್ಬೊಬ್ಬ ಆಟಗಾರರೂ ತಮ್ಮ ಪಾತ್ರದ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಲಿ. ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು ಅಂತ ಪಾತ್ರ ಮಾಡಿದವರೇ ತೋರಿಸಿಕೊಟ್ಟಂತೆ ಆಗುತ್ತದೆ. ಉಳಿದವರು ಒಂದು ಸಲ ತಿರುಗಿ ಹೇಳಲಿ. ಅಲ್ಲಿಗೆ ಉಚ್ಚಾರದ ಜಗಳ ಮುಗಿಯಿತು. ಹಾಳೆಯಲ್ಲಿ ಓದಿದ ಹೆಸರಿಗಿಂತ ಕಿವಿಯಲ್ಲಿ ಕೇಳಿದ ಹೆಸರು ಬೇಗ ನಿಲ್ಲುತ್ತದೆ.

ನೀಲಿದಾಳ · ರಾಯಚೂರು

ಅಕ್ಕ, ಇದು ಬಹಳ ಚೆನ್ನಾಗಿದೆ. ನಾಳೆಯ ಆಟದಲ್ಲೇ ಮಾಡಿಸುತ್ತೇನೆ.

ಉಚ್ಚಾರದ ಜಗಳ ಅಂದಿರಲ್ಲ, ಇಂಗ್ಲಿಷ್ ಆಡುವವರಿಗೂ ಅದು ತಪ್ಪಿದ್ದಲ್ಲ. ಈ ಆಟ ಶುರುವಾದದ್ದು 1974ರಲ್ಲಿ. ಹೆಸರನ್ನೆಲ್ಲ ಜನ ಓದಿಯೇ ಕಲಿತರು, ಕೇಳಿ ಕಲಿಯಲಿಲ್ಲ. ಹಾಗಾಗಿ ಒಂದೊಂದು ಮೇಜಿನಲ್ಲಿ ಒಂದೊಂದು ಉಚ್ಚಾರ. ಕೊನೆಗೆ 1985ರಲ್ಲಿ ಈ ಆಟದ್ದೇ ಆದ ಡ್ರ್ಯಾಗನ್ ಪತ್ರಿಕೆ ಫ್ರ್ಯಾಂಕ್ ಮೆಂಟ್ಜರ್ ಬರೆದ ಉಚ್ಚಾರದ ಪಟ್ಟಿಯನ್ನೇ ಅಚ್ಚು ಹಾಕಬೇಕಾಯಿತು. ಆದರೂ ನೆಲದಡಿಯ ಎಲ್ಫ್‌ಗಳನ್ನು ಡ್ರೌ ಅನ್ನಬೇಕೋ ಡ್ರೋ ಅನ್ನಬೇಕೋ ಅಂತ ಈಗಲೂ ವಾದ ನಡೆಯುತ್ತದೆ.

ಕಂಪ್ಯೂಟರ್ ಆಟ ಬಂದ ಮೇಲೆ ಇದು ಸ್ವಲ್ಪ ಸುಲಭವಾಯಿತು. 2023ರ ಬಾಲ್ಡರ್ಸ್ ಗೇಟ್ 3 ಆಡಿದವರಿಗೆ ಅದರ ಪಾತ್ರ ಲೇಜ಼ೆಲ್ ಗೊತ್ತು. ಇಂಗ್ಲಿಷಿನಲ್ಲಿ ಅವಳ ಹೆಸರಿನ ನಡುವೆ ಒಂದು ಕೊಂಬಿನಂಥ ಗುರುತು ಇದೆ. ಬರೀ ಓದಿದ್ದರೆ ನಾವು ಏನೇನೋ ಅನ್ನುತ್ತಿದ್ದೆವು. ಆಟದಲ್ಲಿ ಎಲ್ಲರೂ ಕರೆಯುವುದು ಕೇಳಿ ಸರಿಹೋಯಿತು. ಆ ಗುರುತನ್ನು ಕನ್ನಡದಲ್ಲಿ ಬರೆಯುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ. ಕನ್ನಡ ಲಿಪಿಯಲ್ಲಿ ಬರೆದ ಹೆಸರನ್ನು ಓದಲು ಪಟ್ಟಿ ಬೇಕಾಗಿಲ್ಲ. ಹ್ರಸ್ವವೋ ದೀರ್ಘವೋ, ಎಲ್ಲ ಅಕ್ಷರದಲ್ಲೇ ಇದೆ. ನಾನು ಬೇರೆ ಲೋಕದ ಹೆಸರು ಬೇಕು ಅನ್ನುವವನೇ. ಆದರೆ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ ಅನ್ನುತ್ತೇನೆ.

ಕಿಲ್ಲೆಯಂಗಡಿ · ರಾಯಚೂರು

ನಮ್ಮ ಮನೆಯಲ್ಲಿ ಉರ್ದು. ಗುಂಪಿನಲ್ಲಿ ಓರ್ಕ್ ಅನ್ನುವ ಒರಟು ಕುಲದವರ ಹೆಸರೆಲ್ಲ ನನ್ನ ಪಾಲಿಗೇ ಬರುತ್ತವೆ! ಗಂಟಲಿನ ಖ, ಗ ಬೇಕಾದ ಕಡೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಖ಼ರೂಗ, ಜ಼ಗೂರ ಅಂತ ಇಟ್ಟಿದ್ದೇನೆ. ಕನ್ನಡದಲ್ಲಿ ಜ಼, ಫ಼ ಬರೆಯಲು ಕೆಳಗೆ ಚುಕ್ಕೆ ಇದೆಯಲ್ಲ, ಅದನ್ನೇ ಖ, ಗಕ್ಕೂ ಇಡುತ್ತೇವೆ. ಗೆಳೆಯರು ಚುಕ್ಕೆ ಕಂಡರೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಮೇಜಿನಲ್ಲಿ ಯಾರ ಮನೆಮಾತು ಏನು ಅಂತ ನೋಡಿ ಹೆಸರು ಹಂಚಿ. ರಾಯಚೂರಿನಲ್ಲಿ ಒಂದು ಮೇಜಿಗೆ ಕನ್ನಡ, ತೆಲುಗು, ಉರ್ದು ಮೂರೂ ಇರುತ್ತವೆ. ಒಬ್ಬೊಬ್ಬರ ನಾಲಿಗೆ ಒಂದೊಂದು ಕುಲಕ್ಕೆ ಬಂದರೆ ಆಟದ ಲೋಕ ಎಷ್ಟು ದೊಡ್ಡದಾಗುತ್ತದೆ ನೋಡಿ.

ಎರಂಬರಗೆ · ಯಲಬುರ್ಗಾ

ಕಿಲ್ಲೆಯಂಗಡಿ ಭಾಯ್, ಚುಕ್ಕೆಯ ಉಪಾಯ ನಾನೂ ತೆಗೆದುಕೊಂಡೆ.

ನಾಲಿಗೆಯ ಮಾತು ಬಂದಿದ್ದಕ್ಕೆ ಇನ್ನೊಂದು ಎಚ್ಚರಿಕೆ. ನಾವು ಬರೆಯುವಾಗ ಮಹಾಪ್ರಾಣ ಬರೆಯುತ್ತೇವೆ, ಮಾತಿನಲ್ಲಿ ಬಿಡುತ್ತೇವೆ. ಭೀಮ ಬೀಮ ಆಗುತ್ತಾನೆ. ಶ, ಷ, ಸ ಮೂರೂ ಒಂದೇ ಆಗುವುದುಂಟು. ಹಾಗಾಗಿ ಒಂದೇ ಆಟದಲ್ಲಿ ಭಾರಗ, ಬಾರಗ ಅಂತ ಇಬ್ಬರನ್ನು ಇಡಬೇಡಿ. ಕಾಗದದ ಮೇಲೆ ಬೇರೆ, ಮೇಜಿನ ಮೇಲೆ ಒಂದೇ. ನಿಜವಾಗಿ ಬೇರೆ ಮಾಡಬೇಕಾದರೆ ಮೊದಲ ಅಕ್ಷರವನ್ನೇ ಬದಲಿಸಿ, ಇಲ್ಲವೇ ಹೆಸರಿನ ಉದ್ದ ಬದಲಿಸಿ. ಎರಡಕ್ಷರದ ಕಾಳ, ನಾಲ್ಕಕ್ಷರದ ಮಣಲೇರ. ಯಾರಿಗೂ ಗೊಂದಲವಿಲ್ಲ.

ಸದ್ದಿಗೂ ಆಕಾರಕ್ಕೂ ಏನೋ ನಂಟಿದೆ ಅನ್ನುವುದು ನಿಜವೇ. 1929ರಲ್ಲೇ ಕೋಲರ್ ಅನ್ನುವ ಮನಶ್ಶಾಸ್ತ್ರಜ್ಞರು ಚೂಪು ಚಿತ್ರ, ದುಂಡು ಚಿತ್ರ ತೋರಿಸಿ ಯಾವ ಹೆಸರು ಯಾವುದಕ್ಕೆ ಅಂತ ಕೇಳಿದ್ದರು. 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬರ್ಡ್ "ಬೂಬಾ, ಕಿಕಿ" ಅಂತ ಅದನ್ನೇ ಮುಂದುವರಿಸಿದರು. ಅಮೆರಿಕದ ವಿದ್ಯಾರ್ಥಿಗಳೂ ತಮಿಳು ಮಾತಾಡುವವರೂ ಬಹುತೇಕ ಒಂದೇ ಉತ್ತರ ಕೊಟ್ಟರು. ಚೂಪಾದದ್ದು ಕಿಕಿ, ದುಂಡಗಿನದು ಬೂಬಾ. ಕನ್ನಡದಲ್ಲಿ ನಮಗೆ ಇನ್ನೂ ಹತ್ತಿರದ ಗಣಿ ಇದೆ, ಅನುಕರಣ ಪದಗಳು. ದಡದಡ, ಚುರುಚುರು, ಗುಡುಗುಡು, ಸರಸರ, ಟಣ್, ಘಲ್. ಒಂದನ್ನು ಹಿಡಿದು ಬಾಲ ಕತ್ತರಿಸಿ. ಚುರುಚುರುವಿನಿಂದ ಚುರಿಗ, ಬೆಂಕಿ ಉಗುಳುವ ಪುಟ್ಟ ಪ್ರಾಣಿ. ಗುಡುಗುಡುವಿನಿಂದ ಗುಡುಮ, ರಾಕ್ಷಸ. ಅರ್ಥ ವಿವರಿಸುವ ಮೊದಲೇ ಕೇಳುವವರ ಮೈಗೆ ಗೊತ್ತಾಗುತ್ತದೆ.

ನೀಲಿದಾಳ · ರಾಯಚೂರು

ಬಿರುದಿನ ಬಗ್ಗೆ ಯಾರೂ ಹೇಳಲಿಲ್ಲ. ಹೆಸರು ಚಿಕ್ಕದಿರಲಿ, ಬಿರುದು ದೊಡ್ಡದಿರಲಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನಿಗೆ "ಕಲಿಯುಗ ವಿಪರೀತ" ಅಂತ ಇದೆ. ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನ ಬಿರುದು "ಇರಿವಬೆಡಂಗ". ಲೆವೆಲ್ ಏರಿದಾಗ ಅಂಕಿ ಮಾತ್ರ ಏರಿದರೆ ಸಾಲದು, ಮೇಜಿನವರೆಲ್ಲ ಸೇರಿ ಆ ಪಾತ್ರಕ್ಕೊಂದು ಬಿರುದು ಕೊಡಲಿ. ಪಾತ್ರ ಏನು ಮಾಡಿತೋ ಅದನ್ನೇ ಬಿರುದಾಗಿಸಿ.

ಇನ್ನು ನಮ್ಮ ಮಸ್ಕಿ. ದೇಶದ ಎಷ್ಟೋ ಬಂಡೆಗಳ ಮೇಲೆ "ದೇವಾನಾಂಪಿಯ" ಅನ್ನುವ ಬಿರುದು ಮಾತ್ರ ಇತ್ತು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರು ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕಿತು. ಇದನ್ನು ಹಾಗೇ ಕಥೆ ಮಾಡಬಹುದು. ಊರೂರಿನ ಕಲ್ಲಿನಲ್ಲಿ ಒಂದೇ ಬಿರುದು, ಯಾರದು ಅಂತ ಯಾರಿಗೂ ಗೊತ್ತಿಲ್ಲ. ಹೆಸರು ಇರುವ ಕಲ್ಲು ಒಂದೇ. ಅದನ್ನು ಹುಡುಕುವುದೇ ಆಟ.

ಗುಡ್ಡದನೆರಳು · ಬಳ್ಳಾರಿ

ಅಣ್ಣ, ಈ ಕಥೆಯನ್ನು ನಾನು ಎತ್ತಿಕೊಳ್ಳುತ್ತೇನೆ, ಬೇಡ ಅನ್ನಬೇಡಿ.

ಡ್ವಾರ್ಫ್‌ಗಳ ಕೆಲಸ ಈಗ ಮುಗಿಯಿತು, ತೋರಿಸುತ್ತೇನೆ. ಅವರು ಬಂಡೆಯೊಳಗೆ ಇರುವವರು, ಹಟ್ಟಿಯಂಥ ಚಿನ್ನದ ಗಣಿ ತೋಡುವವರು. ನಮ್ಮ ಮೂರೂ ಜಿಲ್ಲೆಯ ಊರುಗಳಲ್ಲಿ ಕಲ್ಲು ತುಂಬಿದೆ: ಮುದಗಲ್, ಕರಡಿಕಲ್, ಸಂಗನಕಲ್ಲು, ಕಪ್ಪಗಲ್ಲು. ಹಾಗಾಗಿ ಮನೆತನದ ಹೆಸರೆಲ್ಲ "ಗಲ್" ಅಂತ ಮುಗಿಯಬೇಕು ಅಂತ ಮಾಡಿದೆ. ಸಂಗನಕಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ಮೊಳಗುವ ಬಂಡೆಗಳಿವೆ. ಹಿರೇಬೆಣಕಲ್ಲಿನಲ್ಲಿ ನಗಾರಿಯ ಆಕಾರದ ದೊಡ್ಡ ಕಲ್ಲಿದೆ. ಅದರಿಂದ ಇನ್ನೊಂದು ಪದ್ಧತಿ ಹುಟ್ಟಿತು. ಮಗು ಹುಟ್ಟಿದಾಗ ಮನೆತನದ ಬಂಡೆಯನ್ನು ಬಡಿಯುತ್ತಾರೆ, ಕೇಳಿದ ಸದ್ದೇ ಮಗುವಿನ ಹೆಸರು. ಟಣಕ, ಗಣಿಮ, ಡಂಗುರ, ಕಿಣವ್ವ. ಇವರ ಹೆಸರಿನಲ್ಲಿ ಟ, ಡ, ಣ ಬೇಕೇ ಬೇಕು, ಎಲ್ಫ್‌ಗಳಿಗೆ ಇಲ್ಲದ್ದು ಇವರಿಗೆ.

ಪೂರ್ತಿ ಹೆಸರು ಹೀಗೆ: ಮೊರೆಗಲ್ ಟಣಕ, ಕೊಣಗಲ್ ಡಂಗುರ, ಕೊಳಗಲ್ ಕಿಣವ್ವ. ನಮ್ಮ ಕಡೆಯ ಹಾಗೆ ಮನೆತನ ಮುಂದೆ, ಹೆಸರು ಹಿಂದೆ. ಪ್ರತ್ಯಯ ಹೆಸರಿಗೇ ಅಂಟುವುದರಿಂದ "ಗಲ್" ವ್ಯಂಜನಕ್ಕೆ ನಿಂತರೂ ತೊಂದರೆಯಿಲ್ಲ. ಮೊರೆಗಲ್ ಟಣಕನಿಗೆ, ಕೊಳಗಲ್ ಕಿಣವ್ವನನ್ನು.

ಒಂದು ಸಣ್ಣ ತೊಂದರೆ ಉಳಿದಿದೆ. ಟೈಪ್ ಮಾಡುವಾಗ ಕೆಲವು ಹೆಸರು ಅಂಟಿಕೊಳ್ಳುತ್ತವೆ. ಥಾರ್‌ಗನ್ ಅಂತ ಬರೆದರೆ ಥಾರ್ಗನ್ ಆಗುತ್ತದೆ, ಓದುವವರು ತಬ್ಬಿಬ್ಬಾಗುತ್ತಾರೆ.

ಕಿಲ್ಲೆಯಂಗಡಿ · ರಾಯಚೂರು

ಅದಕ್ಕೆ ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು, ಅದು ಒತ್ತಕ್ಷರವಾಗದಂತೆ ತಡೆಯುತ್ತದೆ. ನಿಮ್ಮ ಕೀಬೋರ್ಡಿನಲ್ಲಿ ಸಿಗದಿದ್ದರೆ "ಸಾಫ್ಟ್‌ವೇರ್" ಅಂತ ಸರಿಯಾಗಿ ಬರೆದ ಪದ ಎಲ್ಲಾದರೂ ಇದ್ದರೆ ಕಾಪಿ ಮಾಡಿ. ಅದರಲ್ಲಿ ಟ್ ಆದ ಮೇಲೆ ಆ ಗುರುತು ಇರುತ್ತದೆ. ಆಚೀಚೆಯ ಅಕ್ಷರ ತೆಗೆದು ನಿಮ್ಮದನ್ನು ತುಂಬಿ.

ತೊಗಲುಗೊಂಬೆ · ಸಿರುಗುಪ್ಪ

ನೆರಳು ತಮ್ಮಾ, ಹೆಸರು ಬಹಳ ಚೆನ್ನಾಗಿವೆ. ಗಟ್ಟಿಯಾಗಿ ಓದಿ ನೋಡಿದೆ. ಕೊಣಗಲ್, ಕೊಳಗಲ್ ಎರಡನ್ನೂ ಒಟ್ಟಿಗೆ ಇಡಬೇಡ. ಜೋರಾಗಿ ಹೇಳುವಾಗ ಣ, ಳ ಕಲೆಸಿಹೋಗುತ್ತವೆ. ಒಂದನ್ನು ಹುತ್ತಗಲ್ ಅಂತ ಮಾಡು.

ಗುಡ್ಡದನೆರಳು · ಬಳ್ಳಾರಿ

ಸರಿ ಅಕ್ಕ, ಹುತ್ತಗಲ್ ಕಿಣವ್ವ. ಹಾಳೆಯಲ್ಲಿ ತಿದ್ದಿದೆ.